ಗಂಟಿನ ಒಳಗೆ ವಿಷ, ಹೊರಗೆ ಉಸಿರು: ಬೇರುಗಂಟಿನ ಬಗ್ಗೆ ಓದುಗರ ಪ್ರಶ್ನೆಗಳು

ಶೇಂಗಾ, ತೊಗರಿ, ಕಡಲೆ ಬೆಳೆಯುವ ಓದುಗರು ಬೇರುಗಂಟಿನ (ದ್ವಿದಳ ಗಿಡದ ಬೇರಿನಲ್ಲಿ ಬ್ಯಾಕ್ಟೀರಿಯಾ ನೆಲೆಸಿ ಗಾಳಿಯ ಸಾರಜನಕ ಹಿಡಿಯುವ ಗಂಟು) ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಿಂದ ಬಂದವು. ಕೇಳಿದವರು ಬೇರೆ ಬೇರೆಯಾದರೂ ಪ್ರಶ್ನೆಗಳೆಲ್ಲ ಸುತ್ತಿಬಳಸಿ ಗಾಳಿಯ ವಿಷಯಕ್ಕೇ ಬಂದು ನಿಲ್ಲುತ್ತವೆ. ಹಾಗಾಗಿ ಮೊದಲ ಉತ್ತರವನ್ನು ಸ್ವಲ್ಪ ಉದ್ದಕ್ಕೇ ಬರೆದಿದ್ದೇವೆ.

ಪ್ರಶ್ನೆ: ಮಗಳ ಪಿಯುಸಿ ಪುಸ್ತಕದಲ್ಲಿ ‘ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ಆಗದು’ ಎಂದಿದೆ. ಕೃಷಿ ಇಲಾಖೆಯವರು ‘ಎಡೆ ಹೊಡೆದು ಬೇರಿಗೆ ಗಾಳಿ ಆಡುವಂತೆ ಮಾಡಿ, ಗಂಟು ಚೆನ್ನಾಗಿ ಕಟ್ಟುತ್ತದೆ’ ಅನ್ನುತ್ತಾರೆ. ಯಾವುದನ್ನು ನಂಬೋದು ಸ್ವಾಮಿ?
– ಶೇಂಗಾ ಬೆಳೆಗಾರರು, ಚಳ್ಳಕೆರೆ ತಾಲ್ಲೂಕು

ಉತ್ತರ: ಎರಡನ್ನೂ ನಂಬಿ. ಪುಸ್ತಕ ಹೇಳುವುದು ಗಂಟಿನ ಒಳಗಿನ ಮಾತು, ಇಲಾಖೆಯವರು ಹೇಳುವುದು ಗಂಟಿನ ಹೊರಗಿನ ಮಾತು.

ಶೇಂಗಾ ಗಂಟಿನಲ್ಲಿ ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಗಾಳಿಯಲ್ಲಿ ಶೇ 78ರಷ್ಟಿರುವ ಸಾರಜನಕವನ್ನು ಅದು ಅಮೋನಿಯಾ ಮಾಡುವುದು ನೈಟ್ರೋಜಿನೇಸ್ ಎಂಬ ಕಿಣ್ವದಿಂದ. ಕಿಣ್ವದಲ್ಲಿ ಎರಡು ಭಾಗಗಳಿವೆ. ಒಂದು ಕಬ್ಬಿಣವಿರುವ ಚಿಕ್ಕ ಪ್ರೋಟೀನು, ಇನ್ನೊಂದು ಕಬ್ಬಿಣ ಮತ್ತು ಮಾಲಿಬ್ಡಿನಂ ಎರಡೂ ಇರುವ ದೊಡ್ಡ ಪ್ರೋಟೀನು. ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿ ಗಾಳಿಗೆ ಒಡ್ಡಿದರೆ ಚಿಕ್ಕದರಲ್ಲಿ ಅರ್ಧದಷ್ಟು ಒಂದು ನಿಮಿಷದೊಳಗೇ ಕೆಡುತ್ತದೆ. ದೊಡ್ಡದು ಅರ್ಧಕ್ಕಿಳಿಯಲು ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಕೆಟ್ಟದ್ದು ರಿಪೇರಿಯಾಗುವುದಿಲ್ಲ, ಬ್ಯಾಕ್ಟೀರಿಯಾ ಹೊಸದನ್ನೇ ಕಟ್ಟಿಕೊಳ್ಳಬೇಕು.

ಹಾಗಿದ್ದರೆ ಗಾಳಿಯೇ ಇಲ್ಲದ ಕಡೆ ಗಂಟು ಕಟ್ಟಬಹುದಿತ್ತಲ್ಲ ಅನ್ನಿಸಬಹುದು. ಅದಕ್ಕೆ ಶಕ್ತಿಯ ಲೆಕ್ಕ ಅಡ್ಡ ಬರುತ್ತದೆ. ಸಾರಜನಕದ ಎರಡು ಪರಮಾಣುಗಳನ್ನು ಬಿಡಿಸುವುದು ಸುಲಭದ ಕೆಲಸವಲ್ಲ. ಯೂರಿಯಾ ಕಾರ್ಖಾನೆಯಲ್ಲಿ ಇದಕ್ಕೆ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖವೂ ವಾಯುಮಂಡಲದ ನೂರಕ್ಕೂ ಹೆಚ್ಚು ಪಟ್ಟು ಒತ್ತಡವೂ ಬೇಕು. ಗಂಟಿನಲ್ಲಿ ಒಂದು ಸಾರಜನಕ ಅಣುವಿಗೆ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಕನಿಷ್ಠ 16 ಅಣುಗಳು ಖರ್ಚಾಗುತ್ತವೆ. ಅಷ್ಟು ಎಟಿಪಿ ತಯಾರಾಗಬೇಕಾದರೆ ಎಲೆ ಕಳಿಸಿದ ಸಕ್ಕರೆಯಿಂದ ಬಂದ ಆಹಾರವನ್ನು ಬ್ಯಾಕ್ಟೀರಿಯಾ ಆಮ್ಲಜನಕದ ಜೊತೆ ಉರಿಸಬೇಕು. ಅಂದರೆ ಆಮ್ಲಜನಕ ಒಳಗೆ ಬರುತ್ತಲೇ ಇರಬೇಕು, ಬಂದದ್ದು ನಿಲ್ಲಬಾರದು.

ಗಿಡ ಇದನ್ನು ಸಾಧಿಸುವ ರೀತಿ ಹೀಗಿದೆ. ಗಂಟಿನ ಸಿಪ್ಪೆಯ ಒಳಗಡೆ ಒತ್ತೊತ್ತಾದ ಜೀವಕೋಶಗಳ ತೆಳು ಪದರವೊಂದಿದೆ. ಅಲ್ಲಿನ ಸಂದುಗಳಲ್ಲಿ ಗಾಳಿ ಕಡಿಮೆ, ನೀರು ಹೆಚ್ಚು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಹಾಗಾಗಿ ಸಂದಿನಲ್ಲಿ ನೀರು ಸ್ವಲ್ಪ ಹೆಚ್ಚು ಕಡಿಮೆಯಾದರೂ ಒಳಗೆ ಹೋಗುವ ಆಮ್ಲಜನಕ ಬದಲಾಗುತ್ತದೆ. ಕೆರೆಯ ತೂಬನ್ನು ಏರಿಸಿ ಇಳಿಸಿದಂತೆ ಗಿಡ ಈ ತಡೆಪದರವನ್ನು ಬಿಗಿ ಮಾಡುತ್ತದೆ, ಸಡಿಲಿಸುತ್ತದೆ.

ಪದರ ದಾಟಿ ಬಂದ ಆಮ್ಲಜನಕವನ್ನು ಹಿಡಿಯಲು ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಕಾದಿರುತ್ತದೆ. ಜಪಾನಿನ ಕುಬೊ ಎಂಬ ವಿಜ್ಞಾನಿ 1939ರಲ್ಲಿ ಇದನ್ನು ಗುರುತಿಸಿದರು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗಿಂತ ನೂರಾರು ಪಟ್ಟು ಬಿಗಿಯಾಗಿ ಇದು ಆಮ್ಲಜನಕವನ್ನು ಹಿಡಿಯುತ್ತದೆ, ಹಿಡಿದು ಬ್ಯಾಕ್ಟೀರಿಯಾದ ಬಾಗಿಲಿಗೆ ಒಯ್ಯುತ್ತದೆ. ಅಲ್ಲಿ ಅತಿ ಕಡಿಮೆ ಆಮ್ಲಜನಕದಲ್ಲೂ ದುಡಿಯಬಲ್ಲ ಉಸಿರಾಟದ ಕಿಣ್ವ ಅದನ್ನು ತಕ್ಷಣ ಬಳಸಿಬಿಡುತ್ತದೆ. ಗಾಳಿ ಬೆರೆತ ಸಾಮಾನ್ಯ ನೀರಿನಲ್ಲಿ ಲೀಟರಿಗೆ ಸುಮಾರು 250 ಮೈಕ್ರೋಮೋಲ್ ಆಮ್ಲಜನಕ ಇರುತ್ತದೆ. ಗಂಟಿನ ನಡುವೆ ಬಿಡಿಯಾಗಿ ಉಳಿಯುವುದು ಅದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಇಷ್ಟು ಕಡಿಮೆ ಇದ್ದರೂ ಸಾಗಣೆ ನಿಂತಿಲ್ಲ, ಅದೇ ಇದರ ಚೆಂದ.

ಈ ಕೆಂಪು ಪ್ರೋಟೀನು ಇಲ್ಲದಿದ್ದರೆ ಏನಾಗುತ್ತದೆ ಎಂದು 2005ರಲ್ಲಿ ಜರ್ಮನಿಯಲ್ಲಿ ಲೋಟಸ್ ಜಪಾನಿಕಸ್ ಎಂಬ ದ್ವಿದಳ ಗಿಡದ ಮೇಲೆ ಪರೀಕ್ಷಿಸಿದರು. ಲೆಗ್‌ಹಿಮೋಗ್ಲೋಬಿನ್ ತಯಾರಾಗದಂತೆ ಮಾಡಿದಾಗ ಗಂಟು ಕಟ್ಟಿತು, ಆದರೆ ಒಳಗೆ ಬಿಡಿ ಆಮ್ಲಜನಕ ಏರಿತು, ಎಟಿಪಿ ಕುಸಿಯಿತು, ಸಾರಜನಕ ಹಿಡಿಯುವುದು ನಿಂತಿತು. ನೈಟ್ರೇಟ್ ಗೊಬ್ಬರ ಕೊಟ್ಟರೆ ಅದೇ ಗಿಡ ಚೆನ್ನಾಗಿ ಬೆಳೆಯಿತು. ಗಂಟುಗಳನ್ನು ಬರೀ ಎಣಿಸಿ ಸಮಾಧಾನಪಟ್ಟುಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇನ್ನು ನಿಮ್ಮ ಹೊಲಕ್ಕೆ ಬರೋಣ. ತಡೆಪದರ ಹೊರಗಿನಿಂದ ಬರುವ ಗಾಳಿಯನ್ನು ಕಡಿಮೆ ಮಾಡಬಲ್ಲದು, ಇಲ್ಲದ ಗಾಳಿಯನ್ನು ಹುಟ್ಟಿಸಲಾರದು. ಮಣ್ಣಿನ ಗಾತ್ರದಲ್ಲಿ ಗಾಳಿ ತುಂಬಿದ ಸಂದು ಶೇ 10ಕ್ಕಿಂತ ಕೆಳಗಿಳಿದರೆ ಬೇರಿಗೂ ಗಂಟಿಗೂ ಉಸಿರು ಕಟ್ಟುತ್ತದೆ. ಚಳ್ಳಕೆರೆ ಕಡೆಯ ಕೆಂಪು ಮರಳು ಮಿಶ್ರಿತ ಭೂಮಿಯಲ್ಲಿ ನೀರು ನಿಲ್ಲುವುದು ಕಡಿಮೆ. ಅಲ್ಲಿನ ತೊಂದರೆ ಎಂದರೆ ಜೋರು ಮಳೆ ಬಿದ್ದು ಬಿಸಿಲು ಹೊಡೆದ ಮೇಲೆ ಹೆಪ್ಪುಗಟ್ಟುವ ಮೇಲ್ಪದರ. ಆ ಪದರ ಒಡೆಯಲು ಬಿತ್ತಿದ 20ರಿಂದ 25ನೇ ದಿನಕ್ಕೊಮ್ಮೆ, 35ರ ಆಸುಪಾಸಿಗೆ ಇನ್ನೊಮ್ಮೆ ಎಡೆಕುಂಟೆ ಆಡಿಸಿದರೆ ಸಾಕು. ಮೇಲಿನ ನಾಲ್ಕೈದು ಸೆಂ.ಮೀ. ಸಡಿಲವಾಗಬೇಕು, ಅದಕ್ಕಿಂತ ಆಳಕ್ಕೆ ಹೋಗಬಾರದು. ಶೇಂಗಾ ಗಂಟುಗಳು ಕವಲು ಬೇರು ಒಡೆಯುವ ಬುಡದಲ್ಲೇ ಕಟ್ಟುವುದರಿಂದ ಆಳದ ಕುಂಟೆ ಬೇರಿನ ಜೊತೆ ಗಂಟನ್ನೂ ಕಿತ್ತು ಹಾಕುತ್ತದೆ. ಎಕರೆಗೆ 200 ಕೆ.ಜಿ. ಜಿಪ್ಸಂ ಕೊಡುವವರು ಎರಡನೇ ಎಡೆಯ ಹೊತ್ತಿಗೇ ಕೊಟ್ಟು ಮಣ್ಣು ಏರಿಸಿಬಿಡಿ. ಹೂವಿನಿಂದ ಇಳಿದ ಸೂಜಿ ನೆಲ ಸೇರತೊಡಗಿದ ಮೇಲೆ ಕುಂಟೆಯನ್ನು ಹೊಲದೊಳಗೆ ತರಬೇಡಿ.

ಪ್ರಶ್ನೆ: ನಮ್ಮದು ಎರೆ ಭೂಮಿ. ಜಡಿಮಳೆಗೆ ಹೊಲದ ತಗ್ಗಿನಲ್ಲಿ ಮೂರು ದಿನ ನೀರು ನಿಂತಿತ್ತು. ಈಗ ಅಲ್ಲಿ 40 ದಿನದ ಶೇಂಗಾ ಹಳದಿಯಾಗಿದೆ. ಅಂಗಡಿಯವರು ಎಕರೆಗೆ ಒಂದು ಚೀಲ ಯೂರಿಯಾ ಚೆಲ್ಲಿ ಅನ್ನುತ್ತಿದ್ದಾರೆ. ಚೆಲ್ಲಲೇ?
– ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಈಗಲೇ ಬೇಡ. ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ.

ಕೆಳಗಿನ ಹಳೆಯ ಎಲೆಗಳು ನರಗಳ ಸಮೇತ ಒಂದೇ ಸಮ ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ. ತುದಿಯ ಎಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಜಾಗ ಹಳದಿ ಅಥವಾ ಬಿಳಿಚಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶವಿರುವ ಎರೆ ಮಣ್ಣು ನೆನೆದು ಕೂತಾಗ ಕಬ್ಬಿಣದ ಕೊರತೆ ಜಾಸ್ತಿ ಕಾಣಿಸುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ನೀರಿನಲ್ಲಿ ಹೆಚ್ಚಿದ ಬೈಕಾರ್ಬನೇಟ್ ಅದನ್ನು ಗಿಡಕ್ಕೆ ಸಿಗದಂತೆ ಮಾಡಿರುತ್ತದೆ. ಇದಕ್ಕೆ ಯೂರಿಯಾ ಹಾಕಿದರೆ ದುಡ್ಡು ದಂಡ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಸಂಜೆ ಸಿಂಪಡಿಸಿ. 200 ಲೀಟರ್ ದ್ರಾವಣಕ್ಕೆ 1 ಕೆ.ಜಿ. ಫೆರಸ್ ಸಲ್ಫೇಟ್, 200 ಗ್ರಾಂ ಸಿಟ್ರಿಕ್ ಆಮ್ಲ ಆಗುತ್ತದೆ. ಕಲಸಿದ ದಿನವೇ ಮುಗಿಸಿ, ಇಟ್ಟರೆ ದ್ರಾವಣ ಕಂದುಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದಾಗುತ್ತದೆ. ಹತ್ತು ದಿನ ಬಿಟ್ಟು ಇನ್ನೊಂದು ಸಲ ಬೇಕಾಗಬಹುದು. ಕಬ್ಬಿಣದ ಕೊರತೆ ಎಲೆಗೆ ಮಾತ್ರ ಸಂಬಂಧಿಸಿದ್ದಲ್ಲ. ನೈಟ್ರೋಜಿನೇಸ್‌ಗೂ ಲೆಗ್‌ಹಿಮೋಗ್ಲೋಬಿನ್‌ಗೂ ಕಬ್ಬಿಣ ಬೇಕಾದ್ದರಿಂದ ಗಂಟೂ ಬಡವಾಗುತ್ತದೆ.

ಹಳೆಯ ಎಲೆ ಹಳದಿಯಾಗಿದ್ದರೆ ಬೇರಿಗೆ ಹೋಗಿ. ನೀರು ನಿಂತಾಗ ಮಣ್ಣಿನ ಸಂದಿನಲ್ಲಿದ್ದ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ. ಇದ್ದಬದ್ದ ಆಮ್ಲಜನಕವನ್ನು ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಬೇಗನೆ ಉಸಿರಾಡಿ ಮುಗಿಸುತ್ತವೆ. ಗಂಟಿನಲ್ಲಿ ಎಟಿಪಿ ಇಳಿದು ಕಿಣ್ವ ಕೈಕಟ್ಟಿ ಕೂರುತ್ತದೆ. ಒಂದೆರಡು ದಿನವಾದರೆ ನೀರು ಇಂಗಿದ ಮೇಲೆ ಮತ್ತೆ ಶುರುವಾಗುತ್ತದೆ. ಹೆಚ್ಚು ದಿನವಾದರೆ ಹಳೆಯ ಗಂಟುಗಳು ಸಾಯುತ್ತವೆ, ಆಮೇಲೆ ಗಿಡ ಹೊಸ ಗಂಟು ಕಟ್ಟಬೇಕು. ಮೂರು ದಿನ ಇವೆರಡರ ನಡುವಿನ ಲೆಕ್ಕ, ಅದಕ್ಕೇ ಗಂಟನ್ನು ಕೊಯ್ದು ನೋಡದೆ ತೀರ್ಮಾನ ಮಾಡಬಾರದು.

ತಗ್ಗಿನ ಕೊನೆಯಿಂದ ಹೊಲದ ಹೊರಗೆ ಬಸಿಗಾಲುವೆ ತೆಗೆಯುವುದು ಮೊದಲ ಕೆಲಸ. ಮಣ್ಣು ಹಸಿಯಾಗಿರುವಾಗ ಒಳಗೆ ಓಡಾಡಬೇಡಿ, ಟ್ರ್ಯಾಕ್ಟರ್ ಅಂತೂ ಇಳಿಸಲೇಬೇಡಿ. ಹಸಿ ಎರೆ ಮಣ್ಣನ್ನು ತುಳಿದರೆ ಸಂದುಗಳು ಮುಚ್ಚಿ ಒಣಗಿದ ಮೇಲೂ ಗಾಳಿ ಆಡುವುದಿಲ್ಲ. ಹದ ಬಂದ ಮೇಲೆ ತಗ್ಗಿನ ಐದಾರು ಕಡೆ ಗಿಡ ಅಗೆದು ಗಂಟು ಕೊಯ್ದು ನೋಡಿ. ಹೆಚ್ಚಿನವು ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಒಂದು ವಾರ, ಹತ್ತು ದಿನ ಸುಮ್ಮನಿರಿ, ಎಲೆ ತಾನಾಗಿ ತಿರುಗುತ್ತದೆ. ಹೆಚ್ಚಿನವು ಹಸಿರು ಅಥವಾ ಬೂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಹೊಸ ಗಂಟು ಬರುವವರೆಗೆ ಗಿಡ ಬದುಕಲು ಲೀಟರಿಗೆ 10 ಗ್ರಾಂನಂತೆ ಯೂರಿಯಾ ಎಲೆಗೆ ಸಿಂಪಡಿಸಿ. 200 ಲೀಟರಿಗೆ 2 ಕೆ.ಜಿ. ಸಾಕು. ಫೆರಸ್ ಸಲ್ಫೇಟ್ ಮತ್ತು ಇದನ್ನು ಒಂದೇ ಡ್ರಮ್ಮಿನಲ್ಲಿ ಕಲಸಬೇಡಿ.

45 ಕೆ.ಜಿ. ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕವಿದೆ. ಮಳೆಯಾಶ್ರಿತ ಶೇಂಗಾಕ್ಕೆ ಬಿತ್ತನೆ ಹೊತ್ತಿನಲ್ಲಿ ಎಕರೆಗೆ 10 ಕೆ.ಜಿ. ಸಾರಜನಕ ಸಾಕಾಗುತ್ತದೆ. ಒಂದು ಚೀಲ ಡಿಎಪಿ ಹಾಕಿದ್ದರೆ 9 ಕೆ.ಜಿ. ಆಗಲೇ ಹೋಗಿದೆ. ಈಗ ಒಟ್ಟಿಗೆ 20 ಕೆ.ಜಿ. ಚೆಲ್ಲಿದರೆ ಹಸಿ ಮಣ್ಣಿನಲ್ಲಿ ಒಂದಷ್ಟು ಅನಿಲವಾಗಿ ಹಾರಿಹೋಗುತ್ತದೆ. ಉಳಿದದ್ದು ನೈಟ್ರೇಟ್ ಆಗಿ ಬೇರು ಸೇರಿದಾಗ ಗಂಟಿನ ತಡೆಪದರ ಬಿಗಿಯುತ್ತದೆ, ಗಂಟಿಗೆ ಹೋಗುತ್ತಿದ್ದ ಸಕ್ಕರೆ ಬೇರೆಡೆ ತಿರುಗುತ್ತದೆ. ನೀರಿನಿಂದ ಅರ್ಧ ಉಸಿರುಗಟ್ಟಿದ ಗಂಟನ್ನು ಗೊಬ್ಬರ ಪೂರ್ತಿ ಮಲಗಿಸುತ್ತದೆ. ಎಲೆ ಹಸಿರಾಗುವುದು ನಿಜ. ಅಂಗಡಿಯವರು ಆ ಹಸಿರನ್ನು ತೋರಿಸುತ್ತಾರೆ, ಬೇರನ್ನು ಯಾರೂ ತೋರಿಸುವುದಿಲ್ಲ.

ಮುಂದಿನ ಹಂಗಾಮಿಗೆ ಆ ತಗ್ಗಿನಲ್ಲಿ ಏರುಮಡಿ ಮಾಡಿ ಬಿತ್ತಿ. ಹಿಂಗಾರಿ ಕಡಲೆ ಹಾಕುವವರಿಗೂ ಇದೇ ಮಾತು, ಕಡಲೆ ಶೇಂಗಾಕ್ಕಿಂತಲೂ ನೀರು ತಡೆಯದ ಬೆಳೆ.

ಪ್ರಶ್ನೆ: ಎರಡು ಹೊಲಗಳ ಬೇರುಗಂಟು ಹೋಲಿಸುವ ಪ್ರಾಜೆಕ್ಟ್ ಮಾಡಬೇಕಿದೆ. ನಮ್ಮ ಕಾಲೇಜಿನಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಅನಿಲಗಳನ್ನು ಅಳೆಯುವ ಯಂತ್ರ) ಇಲ್ಲ. ಗಂಟು ಕೊಯ್ದರೆ ರಕ್ತದಂತೆ ಕೆಂಪು ಬಂತು, ಸ್ವಲ್ಪ ಹೊತ್ತಿಗೆ ಕಂದಾಯಿತು. ಅದು ರೋಗವೇ?
– ಬಿಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ರೋಗವಲ್ಲ, ಅದೇ ಲೆಗ್‌ಹಿಮೋಗ್ಲೋಬಿನ್. ಗಾಳಿಯಲ್ಲಿ ಇಟ್ಟಾಗ ಅದರ ಕಬ್ಬಿಣ ಉತ್ಕರ್ಷಣಗೊಂಡು ಕಂದಾಗುತ್ತದೆ. ಅಮೆರಿಕದ ಇಂಪಾಸಿಬಲ್ ಫುಡ್ಸ್ ಕಂಪನಿ ತನ್ನ ಸಸ್ಯಜನ್ಯ ‘ಮಾಂಸ’ಕ್ಕೆ ರಕ್ತದ ಬಣ್ಣ ಬರಲು ಹಾಕುವುದು ಸೋಯಾದ ಇದೇ ಪ್ರೋಟೀನನ್ನು, ಯೀಸ್ಟ್‌ನಲ್ಲಿ ತಯಾರಿಸಿ.

ಬ್ಲೇಡು, ಬಕೆಟ್, ನೋಟ್‌ಬುಕ್ ಇದ್ದರೆ ಪ್ರಾಜೆಕ್ಟ್ ಆಗುತ್ತದೆ. ಬದುವಿನ ಸಾಲು ಬಿಟ್ಟು ಪ್ರತಿ ಹೊಲದಲ್ಲಿ ಹತ್ತು ಗಿಡ ಆರಿಸಿ. ಗಿಡವನ್ನು ಕೀಳಬೇಡಿ, ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಬುಡದಿಂದ 15 ಸೆಂ.ಮೀ. ದೂರದಲ್ಲಿ ಸುತ್ತಲೂ, 20 ಸೆಂ.ಮೀ. ಆಳಕ್ಕೆ ಸನಿಕೆಯಿಂದ ಅಗೆದು ಹೆಂಟೆ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ 15ರಿಂದ 20 ನಿಮಿಷ ನೆನೆಸಿ ಮೆಲ್ಲಗೆ ಅಲುಗಿಸಿದರೆ ಮಣ್ಣು ಬಿಡುತ್ತದೆ. ತಳದಲ್ಲಿ ಉದುರಿದ ಗಂಟುಗಳನ್ನೂ ಜರಡಿಯಲ್ಲಿ ಸೋಸಿ ಲೆಕ್ಕಕ್ಕೆ ಸೇರಿಸಿ.

ಗಂಟು ಬೇರಿನ ಪಕ್ಕದಲ್ಲಿ ಅಂಟಿಕೊಂಡಿದ್ದು ಉಗುರಿನಿಂದ ತಳ್ಳಿದರೆ ಬಿಡುತ್ತದೆ. ಬೇರೇ ಊದಿಕೊಂಡಿದ್ದು ಬಿಡಿಸಲು ಬಾರದಿದ್ದರೆ ಅದು ಜಂತುಹುಳದ ಗಂಟು, ಎಣಿಸಬೇಡಿ. ತೊಳೆದ ಕೂಡಲೇ ಕೊಯ್ದು ಬಣ್ಣ ಬರೆದುಕೊಳ್ಳಿ, ತಡ ಮಾಡಿದರೆ ನೀವು ನೋಡಿದಂತೆ ಕಂದಾಗಿ ಲೆಕ್ಕ ತಪ್ಪುತ್ತದೆ. ಕೆಂಪು, ಗುಲಾಬಿ ಎಂದರೆ ಕೆಲಸ ನಡೆದಿದೆ. ಬಿಳಿ ಎಂದರೆ ಎಳೆಯ ಗಂಟು ಅಥವಾ ಸಾರಜನಕ ಹಿಡಿಯದ ತಳಿಯ ಬ್ಯಾಕ್ಟೀರಿಯಾ. ಇವೆರಡನ್ನು ಬಣ್ಣದಿಂದ ಬೇರ್ಪಡಿಸಲು ಆಗದು, ಎರಡು ವಾರ ಬಿಟ್ಟು ಅದೇ ಸಾಲಿನಲ್ಲಿ ಮತ್ತೆ ಅಗೆಯಬೇಕು. ಹಸಿರು ಎಂದರೆ ಕೆಂಪು ಪ್ರೋಟೀನು ಒಡೆದು ಗಂಟಿಗೆ ವಯಸ್ಸಾಗಿದೆ. ಕಾಯಿ ಬಲಿಯುವಾಗ ಹಸಿರು ಕಾಣುವುದು ಸಹಜ, ಹೂವಿನ ಹೊತ್ತಿಗೇ ಕಂಡರೆ ಹೊಲದಲ್ಲಿ ಏನೋ ತೊಂದರೆ ಇದೆ. ಕೊನೆಗೆ ಒಟ್ಟು ಗಂಟುಗಳ ತೂಕ ಮತ್ತು ಕೆಂಪು ಗಂಟುಗಳ ಶೇಕಡಾ ಎರಡನ್ನೂ ಬರೆಯಿರಿ. ಒಂದು ಹೊಲವನ್ನು ಹೂ ಬಿಟ್ಟಾಗ, ಇನ್ನೊಂದನ್ನು ಕಾಯಿ ಬಲಿತಾಗ ನೋಡಿ ಹೋಲಿಸಿದರೆ ಪ್ರಾಜೆಕ್ಟ್ ವ್ಯರ್ಥ.

ಕಲರಿಮೀಟರ್ ಇದ್ದರೆ ಒಂದು ಗ್ರಾಂ ತಾಜಾ ಗಂಟನ್ನು ತಣ್ಣನೆಯ ಫಾಸ್ಫೇಟ್ ಬಫರ್‌ನಲ್ಲಿ ಅರೆದು ಸೋಸಿ, ಹಿಮೋಗ್ಲೋಬಿನ್ ಅಳೆಯಲು ಬಳಸುವ ಡ್ರಾಬ್ಕಿನ್ ದ್ರಾವಣ ಸೇರಿಸಿ 540 ನ್ಯಾನೋಮೀಟರ್‌ನಲ್ಲಿ ಅಳೆಯಬಹುದು. ಡ್ರಾಬ್ಕಿನ್ ದ್ರಾವಣದಲ್ಲಿ ಸಯನೈಡ್ ಇದೆ. ಅಧ್ಯಾಪಕರು ಪಕ್ಕದಲ್ಲಿಲ್ಲದೆ ಬಾಟಲಿ ತೆರೆಯಬೇಡಿ, ಆಮ್ಲದ ಹತ್ತಿರಕ್ಕಂತೂ ತರಬೇಡಿ.

ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇಲ್ಲವೆಂದು ಬೇಸರ ಬೇಡ. ಅದರಿಂದ ಮಾಡುವುದು ಅಸಿಟಿಲೀನ್ ಪರೀಕ್ಷೆ, ನೈಟ್ರೋಜಿನೇಸ್ ಅಸಿಟಿಲೀನನ್ನು ಎಥಿಲೀನ್ ಮಾಡುವ ವೇಗವನ್ನು ಅಳೆಯುವುದು. ಅದರಲ್ಲೂ ಆಮ್ಲಜನಕದ ಆಟವಿದೆ. ಅಸಿಟಿಲೀನ್ ತುಂಬಿದಾಗ ಅಮೋನಿಯಾ ತಯಾರಿಕೆ ನಿಲ್ಲುತ್ತದೆ, ಎಷ್ಟೋ ಬೆಳೆಗಳಲ್ಲಿ ಕೆಲವೇ ನಿಮಿಷಗಳಲ್ಲಿ ತಡೆಪದರ ಬಿಗಿದು ಅಳತೆ ಕುಸಿಯುತ್ತದೆ. ಮುಚ್ಚಿದ ಬಾಟಲಿಯಲ್ಲಿ ಗಂಟೆಗಟ್ಟಲೆ ಇಟ್ಟು ಪಡೆದ ಹಳೆಯ ಅಂಕಿಗಳಲ್ಲಿ ಹಲವು ನಿಜಕ್ಕಿಂತ ಕಡಿಮೆ ಎಂದು 1980ರ ದಶಕದಲ್ಲಿ ಗೊತ್ತಾಯಿತು.

ಪ್ರಶ್ನೆ: ಮೆಕ್ಕೆಜೋಳದಲ್ಲಿ ತೊಗರಿ ಅಕ್ಕಡಿ ಹಾಕಿದ್ದೇನೆ. ಜೋಳಕ್ಕೆ ಯೂರಿಯಾ ಕೊಡಲೇಬೇಕು. ತೊಗರಿ ಗಂಟು ಸಾಯುತ್ತದೆಯೇ?
– ರೈತರು, ಜಗಳೂರು ತಾಲ್ಲೂಕು

ಉತ್ತರ: ಎಲ್ಲಿ ಹಾಕುತ್ತೀರಿ ಎನ್ನುವುದರ ಮೇಲಿದೆ. ನೈಟ್ರೇಟ್‌ನ ಪೆಟ್ಟು ಮುಖ್ಯವಾಗಿ ಅದು ತಾಗಿದ ಬೇರಿನ ಭಾಗಕ್ಕೇ ಬೀಳುತ್ತದೆ. ಹೊಲಕ್ಕೆಲ್ಲ ಎರಚಿದರೆ ತೊಗರಿ ಸಾಲಿಗೂ ಪಾಲು ಹೋಗುತ್ತದೆ. ಜೋಳದ ಬುಡದಿಂದ ನಾಲ್ಕು ಬೆರಳು ದೂರಕ್ಕೆ, ಅಷ್ಟೇ ಆಳಕ್ಕೆ ಸಾಲಿನಲ್ಲೇ ಕೊಟ್ಟು ಮಣ್ಣು ಮುಚ್ಚಿ. ಒಮ್ಮೆಗೇ ಕೊಡುವ ಬದಲು ಕಂತಿನಲ್ಲಿ ಕೊಟ್ಟರೆ ಜೋಳ ಬೇಗ ಹೀರಿಕೊಳ್ಳುತ್ತದೆ, ತೊಗರಿ ಕಡೆ ಹರಿಯಲು ಉಳಿಯುವುದು ಕಡಿಮೆ.

ಜೋಳ ಎತ್ತರಕ್ಕೆ ಬೆಳೆದು ತೊಗರಿಗೆ ನೆರಳು ಬಿದ್ದಾಗಲೂ ಗಂಟು ಬಡವಾಗುತ್ತದೆ. ಒಂದು ಗ್ರಾಂ ಸಾರಜನಕ ಹಿಡಿಯಲು ಗಿಡ ಸುಮಾರು 6 ಗ್ರಾಂ ಇಂಗಾಲವನ್ನು ಖರ್ಚು ಮಾಡಬೇಕು. ಎಲೆಗೆ ಬಿಸಿಲಿಲ್ಲದೆ ಆ ಇಂಗಾಲ ಎಲ್ಲಿಂದ ಬರಬೇಕು? ಸಕ್ಕರೆ ಬರದಿದ್ದಾಗ ತಡೆಪದರ ತೆರೆದಿದ್ದರೆ ಬಳಕೆಯಾಗದ ಆಮ್ಲಜನಕ ಒಳಗೆ ಉಳಿದು ಕಿಣ್ವವನ್ನು ಕೆಡಿಸುತ್ತದೆ, ಅದಕ್ಕೇ ಗಿಡ ಪದರವನ್ನು ಬಿಗಿ ಮಾಡಿಕೊಳ್ಳುತ್ತದೆ. ಹೆದರಬೇಡಿ, ತೊಗರಿ ನಿಧಾನದ ಬೆಳೆ. ಜೋಳ ಮುರಿದು ದಂಟು ಕಡಿದ ಮೇಲೆ ಬೆಳಕು ಸಿಕ್ಕಾಗ, ನೆಲದಲ್ಲಿ ಹದವಿದ್ದರೆ, ಹೊಸ ಗಂಟು ಕಟ್ಟಲು ಅದಕ್ಕೆ ಸಮಯವಿದೆ. ದಂಟನ್ನು ಕಡಿಯದೆ ವಾರಗಟ್ಟಲೆ ನಿಲ್ಲಿಸುವುದೇ ಹೆಚ್ಚಿನ ನಷ್ಟ.

ಪ್ರಶ್ನೆ: ಪ್ರತಿ ವರ್ಷ ರೈಜೋಬಿಯಂ (ಗಂಟು ಕಟ್ಟುವ ಬ್ಯಾಕ್ಟೀರಿಯಾ) ಪ್ಯಾಕೆಟ್ ತಂದು ಶೇಂಗಾ ಬೀಜಕ್ಕೆ ಸವರುತ್ತೇನೆ. ಸವರದ ಪಕ್ಕದ ಹೊಲಕ್ಕೂ ನನ್ನದಕ್ಕೂ ವ್ಯತ್ಯಾಸ ಕಾಣದು. ಪ್ಯಾಕೆಟ್ ಮೋಸವೇ?
– ರೈತರು, ಮೊಳಕಾಲ್ಮುರು ತಾಲ್ಲೂಕು

ಉತ್ತರ: ಮೋಸ ಎನ್ನುವ ಮೊದಲು ಇನ್ನೊಂದು ಸಾಧ್ಯತೆ ನೋಡಿ. ಶೇಂಗಾ, ತೊಗರಿ, ಅಲಸಂದೆ, ಹೆಸರು, ಉದ್ದು ಇವೆಲ್ಲ ಹೆಚ್ಚುಕಡಿಮೆ ಒಂದೇ ಗುಂಪಿನ ಬ್ಯಾಕ್ಟೀರಿಯಾವನ್ನು ಒಪ್ಪುತ್ತವೆ. ತಲೆತಲಾಂತರದಿಂದ ಇವನ್ನೇ ಬೆಳೆದ ಭೂಮಿಯಲ್ಲಿ ಆ ಬ್ಯಾಕ್ಟೀರಿಯಾ ಮೊದಲೇ ನೆಲೆ ನಿಂತಿರುತ್ತದೆ, ಪ್ಯಾಕೆಟ್ಟಿನದು ಅದರ ಜೊತೆ ಪೈಪೋಟಿ ಮಾಡಿ ಗೆಲ್ಲಬೇಕು. ಹೂವಿನ ಹೊತ್ತಿಗೆ ಗಂಟು ಕೊಯ್ದು ನೋಡಿ. ಸವರದ ಹೊಲದಲ್ಲೂ ತುಂಬಾ ಕೆಂಪು ಗಂಟುಗಳಿದ್ದರೆ ಪ್ಯಾಕೆಟ್ಟಿನಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ಗಂಟು ಕಡಿಮೆ ಇದ್ದರೆ ಅಥವಾ ಬಿಳಿಯವೇ ಹೆಚ್ಚಿದ್ದರೆ ಸವರುವುದು ಸಾರ್ಥಕ. ಕಡಲೆಯ ಮಾತು ಬೇರೆ, ಅದಕ್ಕೆ ಅದರದೇ ಬ್ಯಾಕ್ಟೀರಿಯಾ ಬೇಕು. ಹಿಂದೆ ಎಂದೂ ಕಡಲೆ ಕಾಣದ ಹೊಲವಾದರೆ ಕಡಲೆಯದೇ ಪ್ಯಾಕೆಟ್ ತಪ್ಪದೆ ಬಳಸಿ.

ಬಳಸುವವರು ಪ್ಯಾಕೆಟ್ ಮೇಲಿನ ಅವಧಿ ಮತ್ತು ಬೆಳೆಯ ಹೆಸರು ನೋಡಿ ತನ್ನಿ. ಅದು ಜೀವ ಇರುವ ಸರಕು, ಬಿಸಿಲಲ್ಲಿ ಬೈಕಿನ ಪೆಟ್ಟಿಗೆಯಲ್ಲಿ ಮಧ್ಯಾಹ್ನವಿಡೀ ಇಟ್ಟರೆ ಮನೆಗೆ ಬರುವುದು ಬರೀ ಕಪ್ಪು ಪುಡಿ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ತಣ್ಣಗಾದ ಮೇಲೆ 200 ಗ್ರಾಂ ಪ್ಯಾಕೆಟ್ ಕಲಸಿ. ಸುಮಾರು 10 ಕೆ.ಜಿ. ಬೀಜಕ್ಕೆ ಇದು ಸಾಕು. ಅಂಟು ಹಿಡಿಯುವಷ್ಟೇ ಹಾಕಿ, ಬೀಜ ತೊಪ್ಪೆಯಾಗಬಾರದು. ಶೇಂಗಾ ಬೀಜದ ಸಿಪ್ಪೆ ಬಲು ನಾಜೂಕು, ಗೋಣಿಯ ಮೇಲೆ ಹರಡಿ ಎರಡೂ ತುದಿ ಹಿಡಿದು ಹೊರಳಿಸಿ. ನೆರಳಿನಲ್ಲಿ ಅರ್ಧ ಗಂಟೆ ಆರಿಸಿ ಅದೇ ದಿನ ಹಸಿ ನೆಲಕ್ಕೆ ಬಿತ್ತಿ. ಶಿಲೀಂಧ್ರನಾಶಕ, ಕೀಟನಾಶಕ ಉಪಚಾರ ಮಾಡುವುದಿದ್ದರೆ ಅವು ಮೊದಲು, ರೈಜೋಬಿಯಂ ಕೊನೆಗೆ. ಈ ಸರದಿ ತಲೆಕೆಳಗಾದರೆ ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾವನ್ನು ನೀವೇ ಕೊಂದಂತೆ. ರಾಸಾಯನಿಕದ ಬದಲು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬಳಸುವವರಿಗೆ ಈ ಭಯವಿಲ್ಲ.

ಪ್ರಶ್ನೆ: ಭದ್ರಾ ನಾಲೆಯ ಗದ್ದೆಯಲ್ಲಿ ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರದ ಗಿಡ ಡಯಂಚ ಹಾಕುತ್ತೇವೆ. ನೀರು ನಿಂತರೂ ಅದು ಹಚ್ಚಗೇ ಇರುತ್ತದೆ. ಅದರ ಗಂಟಿಗೆ ಗಾಳಿ ಬೇಡವೇ?
– ಓದುಗರು, ಹರಿಹರ ತಾಲ್ಲೂಕು

ಉತ್ತರ: ಬೇಕು, ಬೇರೆ ದಾರಿಯಿಂದ ಪಡೆಯುತ್ತದೆ. ನೀರು ನಿಂತಾಗ ಡಯಂಚದ ಕಾಂಡದ ಬುಡ ಊದಿ ಬೆಂಡಿನಂತೆ ಮೆತ್ತಗಾಗುತ್ತದೆ. ಆ ಟೊಳ್ಳುಗಳ ಮೂಲಕ ಮೇಲಿನ ಗಾಳಿ ಬೇರಿಗೆ ಇಳಿಯುತ್ತದೆ. ನೀರಿನ ಮೇಲ್ಮಟ್ಟದಲ್ಲಿ ಹೊಸ ಬೇರುಗಳು ಒಡೆದು ಅಲ್ಲೂ ಗಂಟು ಕಟ್ಟುತ್ತದೆ. ಸೆಸ್ಬೇನಿಯಾ ರೋಸ್ಟ್ರೇಟಾ ಎಂಬ ಇನ್ನೊಂದು ಜಾತಿ ಒಂದು ಹೆಜ್ಜೆ ಮುಂದೆ ಹೋಗಿ ಕಾಂಡದ ಮೇಲೇ ಸಾಲಾಗಿ ಗಂಟು ಕಟ್ಟುತ್ತದೆ. ಆಫ್ರಿಕಾದ ಸೆನೆಗಲ್‌ನಲ್ಲಿ ಗುರುತಿಸಿದ ಈ ಗಿಡದ ಕಾಂಡಗಂಟಿನ ವಿವರ 1981ರಲ್ಲಿ ಪ್ರಕಟವಾಯಿತು. ಕಾಂಡದ ಗಂಟು ಗಾಳಿಯಲ್ಲೇ ಇರುವುದರಿಂದ ಗದ್ದೆ ಮುಳುಗಿದರೂ ಅದರ ಕೆಲಸ ನಿಲ್ಲದು.

ಎಕರೆಗೆ 20 ಕೆ.ಜಿ. ಬೀಜ ಚೆಲ್ಲಿ, 45ನೇ ದಿನದ ಸುಮಾರಿಗೆ, ಹೂವಿಗೆ ಬರುವ ಮುಂಚೆ ಮಣ್ಣಿಗೆ ಸೇರಿಸಿ. ಹೂ ಬಿಟ್ಟ ಮೇಲೆ ಕಾಂಡ ನಾರಾಗಿ ಕೊಳೆಯಲು ತಡವಾಗುತ್ತದೆ, ನಾಟಿಗೆ ಕೈಕಾಲಿಗೆ ಚುಚ್ಚುತ್ತದೆ. ಭತ್ತಕ್ಕೆ ಕೊಡಬೇಕಾದ ರಂಜಕದಲ್ಲಿ ಒಂದು ಪಾಲನ್ನು ಡಯಂಚಕ್ಕೇ ಕೊಟ್ಟರೆ ಗಂಟು ಚೆನ್ನಾಗಿ ಕಟ್ಟುತ್ತದೆ, ಆ ರಂಜಕ ಕೊಳೆತ ಮೇಲೆ ಭತ್ತಕ್ಕೇ ಸಿಗುತ್ತದೆ.

ಪ್ರಶ್ನೆ: ಅಜೋಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಗಂಟಿಲ್ಲದೆ ಬಿಡಿ ಮಣ್ಣಿನಲ್ಲೇ ಸಾರಜನಕ ಹಿಡಿಯುತ್ತದಂತೆ. ಅದಕ್ಕೆ ಆಮ್ಲಜನಕ ತೊಂದರೆ ಕೊಡುವುದಿಲ್ಲವೇ?
– ಪ್ರೌಢಶಾಲಾ ಶಿಕ್ಷಕರು, ಹೊಸದುರ್ಗ

ಉತ್ತರ: ಕೊಡುತ್ತದೆ. ಅದು ಒಳಗೆ ಬಂದ ಆಮ್ಲಜನಕವನ್ನು ವಿಪರೀತ ವೇಗದಲ್ಲಿ ಉಸಿರಾಡಿ ಖಾಲಿ ಮಾಡುತ್ತದೆ, ತನ್ನ ಸುತ್ತ ಅಂಟು ಪದರವನ್ನೂ ಕಟ್ಟಿಕೊಳ್ಳುತ್ತದೆ. ಆಮ್ಲಜನಕ ಏಕಾಏಕಿ ಏರಿದರೆ ಒಂದು ಕಾವಲು ಪ್ರೋಟೀನು ನೈಟ್ರೋಜಿನೇಸ್‌ಗೆ ಅಂಟಿಕೊಂಡು ಅದನ್ನು ತಾತ್ಕಾಲಿಕವಾಗಿ ಮಲಗಿಸುತ್ತದೆ. ಇಷ್ಟಕ್ಕೆಲ್ಲ ಆಹಾರ ಹೆಚ್ಚು ಬೇಕು, ಹಾಗಾಗಿ ಸಾವಯವ ಅಂಶ ಕಡಿಮೆ ಇರುವ ಮಣ್ಣಿನಲ್ಲಿ ಅದರಿಂದ ಬಹಳ ಸಾರಜನಕ ನಿರೀಕ್ಷಿಸುವಂತಿಲ್ಲ. ಗದ್ದೆ ನೀರಿನಲ್ಲಿ ತೇಲುವ ಅಜೋಲಾ ಎಂಬ ಜರಿಗಿಡದ ಎಲೆಯೊಳಗಿನ ಅನಬೀನಾ ಎಂಬ ನೀಲಿಹಸಿರು ಬ್ಯಾಕ್ಟೀರಿಯಾ ಇನ್ನೂ ಜಾಣ. ತನ್ನ ಸರಪಳಿಯಲ್ಲಿ ಕೆಲವು ಕೋಶಗಳನ್ನು ಈ ಕೆಲಸಕ್ಕೆಂದೇ ಮೀಸಲಿಟ್ಟು, ದಪ್ಪ ಗೋಡೆ ಕಟ್ಟಿ, ಆಮ್ಲಜನಕ ಹುಟ್ಟಿಸುವ ದ್ಯುತಿಸಂಶ್ಲೇಷಣೆಯ ಭಾಗವನ್ನೇ ಅಲ್ಲಿ ನಿಲ್ಲಿಸಿರುತ್ತದೆ. ಮಕ್ಕಳಿಗೆ ಸೂಕ್ಷ್ಮದರ್ಶಕದಲ್ಲಿ ಇದನ್ನು ತೋರಿಸಬಹುದು. ಅಜೋಲಾ ಎಲೆಯನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಜಜ್ಜಿದರೆ ಮಣಿಸರದಂಥ ಎಳೆಗಳು ಹೊರಬರುತ್ತವೆ, ನಡುನಡುವೆ ಕಾಣುವ ದೊಡ್ಡ, ಮಾಸಲು ಮಣಿಗಳೇ ಆ ಕೋಶಗಳು.

ಪ್ರಶ್ನೆ: ಡ್ರಿಪ್ ನೀರಿಗೆ ಆಮ್ಲಜನಕ ಬೆರೆಸುವ ಯಂತ್ರ ಹಾಕಿಸಿದರೆ ಅಲಸಂದೆಯ ಗಂಟು ಹೆಚ್ಚುತ್ತದೆಯೇ?
– ಓದುಗರು, ಚನ್ನಗಿರಿ ತಾಲ್ಲೂಕು

ಉತ್ತರ: ನೀರು ಬಸಿಯುವ ಮಣ್ಣಾದರೆ ಅದರ ಅಗತ್ಯವಿಲ್ಲ. ಎರಡು ನೀರಿನ ನಡುವೆ ಮಣ್ಣು ಆರಿದಾಗ ಗಾಳಿ ತಾನೇ ಒಳಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಆಮ್ಲಜನಕ ಕೊಟ್ಟರೂ ತಡೆಪದರ ಅಷ್ಟಕ್ಕೆ ತಕ್ಕಂತೆ ಬಿಗಿದುಕೊಳ್ಳುತ್ತದೆ. ದಿನಾ ಬಿಡುವ ಡ್ರಿಪ್ಪನ್ನು ಮೇಲ್ಮಣ್ಣು ಆರಿದ ಮೇಲೆ ಮಾತ್ರ ಬಿಡಿ, ಇದಕ್ಕೆ ಖರ್ಚಿಲ್ಲ. ಜಿಗುಟು ಮಣ್ಣಾಗಿದ್ದರೆ ಯಂತ್ರದ ದುಡ್ಡಿನಲ್ಲಿ ಏರುಮಡಿ ಮಾಡಿಸಿ, ಕೊಟ್ಟಿಗೆ ಗೊಬ್ಬರ ಸೇರಿಸಿ. ಮಣ್ಣು ಪರೀಕ್ಷೆಗೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ.